ಮೂರು ಮಳೆಗಾಲ ಕಂಡ ಟೈರ್ ಸೆನ್ಸರ್

ಮನೆ ಚಿಕ್ಕಮಗಳೂರು, ಕೆಲಸ ಉಜಿರೆ ಕಡೆ. ವಾರಕ್ಕೊಮ್ಮೆಯಾದರೂ ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯಲೇಬೇಕು. ನನ್ನ ಸಣ್ಣ ಕಾರಿಗೆ ಕಂಪನಿಯಿಂದ ಟಿಪಿಎಂಎಸ್ (ಟೈರಿನಲ್ಲಿ ಗಾಳಿ ಎಷ್ಟಿದೆ ಅಂತ ನಿಗಾ ಇಡುವ ವ್ಯವಸ್ಥೆ) ಬಂದಿರಲಿಲ್ಲ, ಹಾಗಾಗಿ ಹೊರಗಿನದು ತಂದು ಹಾಕಿದೆ. ವಾಲ್ವ್ ಕ್ಯಾಪ್ ಜಾಗಕ್ಕೆ ತಿರುಗಿಸಿ ಕೂರಿಸುವ ನಾಲ್ಕು ಸೆನ್ಸರ್, ಡ್ಯಾಶ್‌ಬೋರ್ಡ್ ಮೇಲೆ ಒಂದು ಸೋಲಾರ್ ಡಿಸ್‌ಪ್ಲೇ, ಅಷ್ಟೇ.

ಕಾಸು ದಂಡವಾಗಿಲ್ಲ ಅನ್ನಿಸಿದ್ದು ಒಂದು ಡಿಸೆಂಬರ್ ಬೆಳಿಗ್ಗೆ. ಹೊರಡುವಾಗ ಮೂರು ಚಕ್ರದಲ್ಲಿ 31 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಹಿಂದಿನ ಎಡಗಡೆಯದರಲ್ಲಿ 29. ಚಳಿಗೆ ಎರಡು ಪಿಎಸ್‌ಐ ಇಳಿಯೋದು ಮಾಮೂಲಿ, ಸುಮ್ನೆ ಹೊರಟೆ. ಮೂಡಿಗೆರೆ ಹತ್ತಿರ ಬರುವಷ್ಟರಲ್ಲಿ ಟೈರ್ ಬಿಸಿಯಾಗಿ ಆ ಮೂರೂ 34 ತೋರಿಸುತ್ತಿದ್ದವು, ಇದೊಂದು ಮಾತ್ರ 29ರಲ್ಲೇ ಕೂತಿತ್ತು. ಓಡಿದಂತೆ ಏರಬೇಕಾದ ಗಾಳಿ ಏರುತ್ತಿಲ್ಲ ಅಂದರೆ ಎಲ್ಲೋ ಸೋರುತ್ತಿದೆ ಅಂತ, ಅಲ್ವಾ? ಪಂಚರ್ ಅಂಗಡಿಯವನು ಸೋಪಿನ ನೀರು ಹಾಕಿದ. ಮೊದಲು ಏನೂ ಕಾಣಲಿಲ್ಲ. ಚಕ್ರ ಅರ್ಧ ಸುತ್ತು ತಿರುಗಿಸಿದ ಮೇಲೆ ಸಾಸಿವೆಯಷ್ಟು ಗುಳ್ಳೆ, ಅದರಡಿ ತಲೆ ಸವೆದ ಒಂದು ಸಣ್ಣ ಮೊಳೆ. ಅಲಾರಾಂ 25ಕ್ಕೆ ಇಟ್ಟಿದ್ದೆ, ಅದು ಕೂಗುವ ಹೊತ್ತಿಗೆ ನಾನು ಘಾಟಿಯ ತಿರುವಿನಲ್ಲಿ ಇರುತ್ತಿದ್ದೆ. ಈಗ 28ಕ್ಕೆ ಇಟ್ಟಿದ್ದೇನೆ.

ತೊಂದರೆಗಳೂ ಕಡಿಮೆ ಇಲ್ಲ. ಈ ಸೆನ್ಸರ್ ವಾಲ್ವಿನ ಪಿನ್ನನ್ನು ಯಾವಾಗಲೂ ಒತ್ತಿ ಹಿಡಿದಿರುತ್ತದೆ. ಅಂದರೆ ಗಾಳಿ ತಡೆಯುವುದು ಒಳಗಿನ ಪುಟ್ಟ ರಬ್ಬರ್ ವಾಷರ್ ಮಾತ್ರ, ಅದು ಸವೆದರೆ ಸೋರಿಕೆ ಹಿಡಿಯಬೇಕಾದ ಸೆನ್ಸರೇ ಸೋರುತ್ತದೆ! ನನಗೆ ಎರಡನೇ ವರ್ಷ ಹಾಗೇ ಆಯಿತು. ಗಾಳಿ ಹೊಡೆಸುವಾಗಲೆಲ್ಲ ಸ್ಪ್ಯಾನರ್ ಹಾಕಿ ಲಾಕ್ ನಟ್ ಸಡಿಲಿಸಿ ಬಿಚ್ಚಬೇಕು. ಬಂಕಿನ ಹುಡುಗ ಪೈಪ್ ಹಿಡಿದು ನಿಂತಿರುತ್ತಾನೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಆ ಸ್ಪ್ಯಾನರ್ ಮಾತ್ರ ಸೀಟಿನಡಿ ಎಲ್ಲೋ ಇರುತ್ತದೆ. ಕೆಸರು ಕೂತು ಒಂದು ಸೆನ್ಸರ್ ಹಿಡಿದುಕೊಂಡು ಕೊನೆಗೆ ವಾಲ್ವನ್ನೇ ಕತ್ತರಿಸಿ ಹೊಸದು ಹಾಕಿಸಬೇಕಾಯಿತು. ಇನ್ನು ಸೋಲಾರ್ ವಿಷಯ: ಜುಲೈನಲ್ಲಿ ಮಲೆನಾಡಿಗೆ ಬಿಸಿಲು ಎಲ್ಲಿ ಬರಬೇಕು, ಯುಎಸ್‌ಬಿ ವೈರ್ ಚುಚ್ಚಿಯೇ ಚಾರ್ಜ್ ಮಾಡಿಕೊಳ್ಳಬೇಕು. ಉಷ್ಣಾಂಶದ ಅಂಕಿ ನಾನು ನೋಡುವುದೇ ಇಲ್ಲ, ಸೆನ್ಸರ್ ಇರೋದೇ ಹೊರಗೆ, ಟೈರಿನೊಳಗಿನ ಬಿಸಿ ಅದಕ್ಕೆ ಸರಿಯಾಗಿ ಗೊತ್ತಾಗಲ್ಲ.

ಹಾಸನದ ಗೆಳೆಯನ ಕಾರಿನಲ್ಲಿ ಕಂಪನಿಯದೇ ಇದೆ, ಆದರೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಮೂಲಕ ಚಕ್ರ ತಿರುಗುವ ವೇಗ ಹೋಲಿಸಿ ಬರೀ ದೀಪ ಹತ್ತಿಸುವಂಥದ್ದು, ಅಂಕಿ ಇಲ್ಲ. ಅವನು ಗಾಳಿ ಕಡಿಮೆ ಇದ್ದಾಗಲೇ ರೀಸೆಟ್ ಒತ್ತಿದ್ದ, ಅದು ಅದನ್ನೇ ಸರಿ ಅಂದುಕೊಂಡು ತೆಪ್ಪಗಾಯಿತು. ಅದಕ್ಕಿಂತ ನನ್ನದೇ ವಾಸಿ. ಹೊಸದಾಗಿ ತಗೊಳ್ಳುವವರು ಟೈರ್ ಬದಲಿಸುವಾಗಲೇ ಒಳಗೆ ಕೂರಿಸುವ ಸೆನ್ಸರ್ ಹಾಕಿಸಿಕೊಳ್ಳಿ, ಸ್ವಲ್ಪ ಜಾಸ್ತಿ ಖರ್ಚಾದರೂ ಬಿಚ್ಚಿ ಹಾಕುವ ರಗಳೆ ಇರಲ್ಲ.

ಅಂದಹಾಗೆ ಸ್ಟೆಪ್ನಿಗೆ ಸೆನ್ಸರ್ ಇಲ್ಲ. ಹೋದ ತಿಂಗಳು ಬೇಕಾಗಿ ತೆಗೆದರೆ 18 ಇತ್ತು.