ನಾಸಾದ ಫರ್ಮ್ಸ್ ಬೆಂಕಿ ನಕ್ಷೆ: ಎಚ್ಚರಿಕೆಗೆ ಸೈ, ಎಕರೆ ಲೆಕ್ಕಕ್ಕಲ್ಲ

ಬಂಡೀಪುರ, ನಾಗರಹೊಳೆಯಂಥ ಎಲೆ ಉದುರುವ ಕಾಡುಗಳಿಗೆ ಫೆಬ್ರವರಿ ಬಂತೆಂದರೆ ಕಾಳ್ಗಿಚ್ಚಿನ ಭಯ. ಆ ದಿನಗಳಲ್ಲಿ, ಉಪಗ್ರಹ ಕಂಡ ಬೆಂಕಿಯನ್ನು ಅಂತರ್ಜಾಲದ ನಕ್ಷೆಯಲ್ಲಿ ತೋರಿಸುವ ನಾಸಾದ ಫರ್ಮ್ಸ್ ನಿಜಕ್ಕೂ ಉಪಯುಕ್ತ, ಅದೂ ಪುಕ್ಕಟೆ. ಉಪಗ್ರಹ ಹಾದುಹೋದ ಮೂರು ಗಂಟೆಯೊಳಗೆ ಬಿಸಿ ಕಂಡ ಕಡೆ ಚುಕ್ಕಿ ಮೂಡುತ್ತದೆ. ಬೇಕಾದ ಪ್ರದೇಶ ಗುರುತಿಸಿ ಇಮೇಲ್ ಕೊಟ್ಟರೆ ಎಚ್ಚರಿಕೆಯೂ ಬರುತ್ತದೆ.

ಎಡವಟ್ಟಾಗುವುದು ಚುಕ್ಕಿಯನ್ನು ಓದುವಾಗ. ಅದು ಬೆಂಕಿ ಬಿದ್ದ ಜಾಗವಲ್ಲ, ಒಂದು ಚೌಕದ ನಡುಬಿಂದು. ಉಪಗ್ರಹದಲ್ಲಿರುವ ವೀರ್ಸ್ ಎಂಬ ಸಂವೇದಕದ ಚೌಕದ ಬದಿ 375 ಮೀಟರ್, ಅಂದರೆ ಸುಮಾರು 35 ಎಕರೆ. ಮೋಡಿಸ್ ಎಂಬ ಇನ್ನೊಂದು ಸಂವೇದಕದ್ದು 1 ಕಿ.ಮೀ., ಸುಮಾರು 247 ಎಕರೆ. ಚುಕ್ಕಿ ಎಣಿಸಿ 35ರಿಂದ ಗುಣಿಸಿ ‘ಇಷ್ಟು ಕಾಡು ಹೋಯಿತು’ ಎಂದು ಬರೆಯುವವರಿದ್ದಾರೆ. ಅರ್ಧ ಎಕರೆಯ ಜೋರು ಬೆಂಕಿಗೂ ಚುಕ್ಕಿ ಬೀಳುತ್ತದೆ. ಮರದಡಿಯ ತರಗೆಲೆಯಲ್ಲಿ ಹರಿಯುವ ಬೆಂಕಿ ಎಷ್ಟೋ ಸಲ ಕಾಣುವುದೇ ಇಲ್ಲ. ವೀರ್ಸ್ ಹಾಯುವುದು ಹಗಲು, ರಾತ್ರಿ ಒಂದೂವರೆಯ ಆಸುಪಾಸು. ಸಂಜೆ ಹೊತ್ತಿ ರಾತ್ರಿ ಊಟದ ಹೊತ್ತಿಗೆ ಆರಿದ್ದು ಅದಕ್ಕೆ ಸಿಗದು.

ಫರ್ಮ್ಸ್ ತಾನೇ ‘ಕಡಿಮೆ ವಿಶ್ವಾಸ’ ಎಂದು ಗುರುತಿಸಿದ ಹಗಲಿನ ಚುಕ್ಕಿಗಳಲ್ಲಿ ಬಹಳಷ್ಟು ಬಿಸಿಲಿನ ಪ್ರತಿಫಲನ, ಮೊದಲು ಅವನ್ನು ಬದಿಗಿಡಿ. ತೋರಣಗಲ್ಲಿನ ಉಕ್ಕಿನ ಕುಲುಮೆ, ಮಂಡ್ಯದಲ್ಲಿ ಸುಡುವ ಕಬ್ಬಿನ ರವದಿ ಕೂಡ ಚುಕ್ಕಿ ಹಾಕಿಸಬಲ್ಲವು. ಇಳಿಸಿಕೊಂಡ ಕಡತದ ಸಮಯ ಯುಟಿಸಿ, ಅಂದರೆ ಜಾಗತಿಕ ಸಮಯ. ಭಾರತದ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿ. ಬೀಟ್ (ಒಬ್ಬ ಅರಣ್ಯ ರಕ್ಷಕನ ವ್ಯಾಪ್ತಿ) ಮಟ್ಟದ ಎಚ್ಚರಿಕೆ ಬೇಕಾದವರಿಗೆ ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣೆಯ ಎಸ್ಸೆಮ್ಮೆಸ್ಸೇ ಅನುಕೂಲ.

ಸುಟ್ಟ ವಿಸ್ತೀರ್ಣಕ್ಕೆ ಯುರೋಪಿನ ಉಪಗ್ರಹ ಸೆಂಟಿನೆಲ್-2ರ ಚಿತ್ರ ಬೇಕು. ಅದರ 8ನೇ ಬೆಳಕಿನ ಪಟ್ಟಿಯ (ಬ್ಯಾಂಡ್) ಬೆಲೆಯಲ್ಲಿ 12ನೇ ಪಟ್ಟಿಯದನ್ನು ಕಳೆದು, ಅವೆರಡರ ಮೊತ್ತದಿಂದ ಭಾಗಿಸಿ. ಬೆಂಕಿಗೆ ಮುಂಚಿನ ಬೆಲೆಯಲ್ಲಿ ನಂತರದ್ದನ್ನು ಕಳೆಯಿರಿ. ಡಿಸೆಂಬರ್ ಚಿತ್ರಕ್ಕೆ ಮಾರ್ಚಿನದನ್ನು ಹೋಲಿಸಿದರೆ ಎಲೆ ಉದುರಿದ್ದೂ ಸುಟ್ಟ ಲೆಕ್ಕಕ್ಕೆ ಸೇರುತ್ತದೆ. ಬೆಂಕಿಗೆ ತುಸು ಮುಂಚಿನ ಚಿತ್ರ, ಇಲ್ಲವೇ ಹಿಂದಿನ ವರ್ಷ ಅದೇ ತಿಂಗಳಿನದು ಸರಿ. ಬೆಂಕಿಯ ನಂತರದ್ದು ಎರಡು ವಾರದೊಳಗಿನದಿರಲಿ, ತಡವಾದರೆ ಉದುರಿದ ಎಲೆ ಬೂದಿಯನ್ನು ಮುಚ್ಚುತ್ತದೆ.

ಮಳೆ ಬಿದ್ದ ಮೇಲೆ ಉಪಗ್ರಹ ಚಿತ್ರದಿಂದ ಲೆಕ್ಕ ಹಾಕುವ ಹಸಿರು ಸೂಚ್ಯಂಕ ಏರಿತೆಂದು ಕಾಡು ಚೇತರಿಸಿತು ಎನ್ನಲಾಗದು. ಬುಡದಿಂದ ಮತ್ತೆ ಚಿಗುರುವ ಕಳೆಪೊದೆ ಲಂಟಾನವೂ ಆ ಸಂಖ್ಯೆಗೆ ಹಸಿರೇ. ಸುಟ್ಟ ಜಾಗದಲ್ಲಿ 10 ಮೀಟರ್ ಚೌಕ ಹಾಕಿ ಮರದ ಸಸಿ ಬೇರೆ, ಲಂಟಾನದ ಪೊದೆ ಬೇರೆ ಎಣಿಸಿಯೇ ವರದಿ ಬರೆಯಿರಿ.