ಹಾರ್ಟ್‌ರೇಟ್ ಸ್ಟ್ರಾಪ್: ಮಂಗಳೂರಿನ ಸೆಕೆಯಲ್ಲಿ ಏಳು ತಿಂಗಳು ಎದೆಗೆ ಕಟ್ಟಿಕೊಂಡ ಮೇಲೆ

ಓಡುವಾಗ ಎದೆಬಡಿತ ಅಳೆಯಲು ಎದೆಗೆ ಕಟ್ಟಿಕೊಳ್ಳುವ ಈ ಸ್ಟ್ರಾಪ್ ಜೊತೆ ಬಂದ ಕಾಗದದಲ್ಲಿ ಮೊದಲ ಸೂಚನೆಯೇ ಹೀಗಿತ್ತು: ಕಟ್ಟಿಕೊಳ್ಳುವ ಮುಂಚೆ ಒಳಗಿನ ರಬ್ಬರ್ ಪಟ್ಟಿಗಳನ್ನು ನೀರಿನಲ್ಲಿ ಒದ್ದೆ ಮಾಡಿ. ಏಪ್ರಿಲ್ ತಿಂಗಳ ಮಂಗಳೂರಿನಲ್ಲಿ ಕೂತು ಇದನ್ನು ಓದಿದರೆ ಯಾರಿಗಾದರೂ ನಗು ಬರುತ್ತದೆ. ಇಲ್ಲಿ ಶೂ ಲೇಸ್ ಕಟ್ಟಿ ಏಳುವಷ್ಟರಲ್ಲಿ ಬನಿಯನ್ ಬೆನ್ನಿಗೆ ಅಂಟಿರುತ್ತದೆ. ಗೇಟು ದಾಟುವ ಮೊದಲೇ ಪಟ್ಟಿ ತಾನಾಗಿ ನೆನೆದಿರುತ್ತದೆ.

ಕಂಪನಿಯ ಹೆಸರು ಹಾಕುತ್ತಿಲ್ಲ. ಅವರ ಜೊತೆ ನನ್ನದೊಂದು ಜಗಳ ಇನ್ನೂ ಮುಗಿದಿಲ್ಲ. ಅದೂ ಅಲ್ಲದೆ ಈ ದರದ ಸ್ಟ್ರಾಪ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಜಾತಿಯವು. ಒಂದು ಎಲಾಸ್ಟಿಕ್ ಪಟ್ಟಿ, ಒಳಬದಿಗೆ ಎರಡು ರಬ್ಬರ್ ತುಂಡು, ಎದುರಿಗೆ ಎರಡು ಟಿಚ್ ಬಟನ್, ಅದಕ್ಕೆ ಸಿಕ್ಕಿಸಲು ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿ. ಡಬ್ಬಿಯೊಳಗೆ ಸಿಆರ್ 2032 ಸೆಲ್. ನಾನು ಮಾರ್ಚ್‌ನಲ್ಲಿ 5,400 ರೂಪಾಯಿ ಕೊಟ್ಟು ತೆಗೆದುಕೊಂಡೆ. ಬ್ಲೂಟೂತ್‌ನಲ್ಲಿ ಫೋನಿಗೂ ವಾಚಿಗೂ ಒಟ್ಟಿಗೆ ಸಿಗುತ್ತದೆ. ಆ ವಿಷಯದಲ್ಲಿ ಒಂದು ದಿನವೂ ತಕರಾರು ಇಲ್ಲ, ಹಾಗಾಗಿ ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ತಂತಿ ಇಲ್ಲದ ಇಂಥ ಮೀಟರನ್ನು ಮೊದಲು ಮಾರಾಟಕ್ಕೆ ತಂದದ್ದು ಫಿನ್ಲೆಂಡಿನ ಪೋಲಾರ್ ಕಂಪನಿ, 1982ರಲ್ಲಿ. ನನ್ನದು ಅವರದ್ದಲ್ಲ. ಆದರೆ ಹುಟ್ಟಿದ ಊರು ಯಾವುದು ನೋಡಿ. ಹಿಮದ ಮೇಲೆ ಸ್ಕೀ ಮಾಡುವವರಿಗಾಗಿ ಹುಟ್ಟಿದ ಐಡಿಯಾ ಇದು. ನಮ್ಮ ಮೇ ತಿಂಗಳು ಅವರ ಲೆಕ್ಕದಲ್ಲಿ ಇದ್ದಿರಲಿಕ್ಕಿಲ್ಲ.

ವಾಚು ಇದ್ದ ಮೇಲೆ ಇದೆಂತಕ್ಕೆ ಅಂತ ಮನೆಯಲ್ಲಿ ಕೇಳಿದರು. ನನ್ನ ವಾಚು ಮಣಿಕಟ್ಟಿನ ಮೇಲೆ ಹಸಿರು ಬೆಳಕು ಬಿಟ್ಟು, ಚರ್ಮದ ಕೆಳಗೆ ರಕ್ತ ಏರಿಳಿಯುವುದನ್ನು ನೋಡಿ ಎದೆಬಡಿತ ಲೆಕ್ಕ ಹಾಕುತ್ತದೆ. ಕೂತಿದ್ದಾಗ ಸರಿಯಾಗಿಯೇ ತೋರಿಸುತ್ತದೆ. ಓಡುವಾಗ ಕೈ ಆಡುತ್ತದೆ, ಬೆವರಿಗೆ ವಾಚು ಜಾರುತ್ತದೆ, ಆಗ ಅದು ಎದೆಬಡಿತದ ಬದಲು ಹೆಜ್ಜೆಯನ್ನೇ ಎಣಿಸಲು ಶುರು ಮಾಡುತ್ತದೆ. ನನ್ನ ಹೆಜ್ಜೆ ನಿಮಿಷಕ್ಕೆ 168ರ ಸುಮಾರು. ಆರಾಮಾಗಿ ಮಾತಾಡಿಕೊಂಡು ಓಡುವಾಗಲೂ ವಾಚು 168 ಅನ್ನುತ್ತಿತ್ತು. ನನ್ನ ಹೃದಯಕ್ಕೇ ಏನೋ ಆಗಿದೆ ಅಂತ ಎರಡು ವಾರ ಹೆದರಿಕೊಂಡಿದ್ದೆ. ಎದೆಯ ಸ್ಟ್ರಾಪ್ ಹಾಗಲ್ಲ, ಇಸಿಜಿಯ ಹಾಗೆ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಮೊದಲ ದಿನವೇ ಅದೇ ಓಟಕ್ಕೆ 144 ತೋರಿಸಿತು. ಆ ಒಂದು ಸಂಖ್ಯೆಯಿಂದಲೇ ಕೊಟ್ಟ ದುಡ್ಡಿನಲ್ಲಿ ಅರ್ಧ ವಾಪಸ್ ಬಂತು ಅಂದುಕೊಂಡೆ.

ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಫುಲ್ ಮ್ಯಾರಥಾನ್, ಅಂದರೆ 42.195 ಕಿ.ಮೀ. ಓಡುವುದು ನನ್ನ ಗುರಿಯಾಗಿತ್ತು. ಅಕ್ಟೋಬರ್ ಓಟಕ್ಕೆ ತಯಾರಿ ಅಂದರೆ ಬೇಸಗೆಯಲ್ಲೇ ಬುನಾದಿ ಹಾಕಬೇಕು. ಮಂಗಳೂರಿನವರಿಗೆ ಬೇಸಗೆ ಮುಗಿದರೆ ಮಳೆ. ನಡುವೆ ಉಸಿರಾಡಲು ಒಳ್ಳೆಯ ತಿಂಗಳು ಅಂತ ಯಾವುದೂ ಇಲ್ಲ.

ವಯಸ್ಸು 43. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಎದೆಬಡಿತ ಅಂತಾರಲ್ಲ, ಆ ಲೆಕ್ಕದಲ್ಲಿ ನನ್ನದು 177. ಸ್ಟ್ರಾಪ್ ಕಟ್ಟಿ ಕದ್ರಿಯ ಏರನ್ನು ಆರು ಸಲ ಜೀವ ಬಿಟ್ಟು ಹತ್ತಿದ ದಿನ 188 ಬಂತು. ಸೂತ್ರ ಸರಾಸರಿ ಜನರಿಗೆ, ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲಿ. ಸೂತ್ರ ನಂಬಿ ಕೂತಿದ್ದರೆ ನನ್ನ ಎಲ್ಲ ಲೆಕ್ಕವೂ ತಪ್ಪುತ್ತಿತ್ತು. ಸುಲಭದ ಓಟಕ್ಕೆ 142ರ ಮಿತಿ ಇಟ್ಟುಕೊಂಡೆ. ಮಿತಿ ದಾಟಿದರೆ ವಾಚು ಕಿರುಗುಡುವ ಹಾಗೆ ಸೆಟ್ ಮಾಡಿದೆ.

ಮರ್ಯಾದೆ ಹೋಗಲು ಶುರುವಾದದ್ದು ಅಲ್ಲಿಂದ.

ಜನವರಿಯಲ್ಲಿ ಕಿ.ಮೀ.ಗೆ 6 ನಿಮಿಷ 10 ಸೆಕೆಂಡಿನಲ್ಲಿ ಆರಾಮಾಗಿ ಓಡುತ್ತಿದ್ದವ ನಾನು. ಮೇ ತಿಂಗಳ ಬೆಳಿಗ್ಗೆ 5:15ಕ್ಕೆ, ಸೂರ್ಯ ಹುಟ್ಟಲು ಇನ್ನೂ ಮುಕ್ಕಾಲು ಗಂಟೆ ಇರುವಾಗ, ಅದೇ ವೇಗಕ್ಕೆ 163 ಬರುತ್ತಿತ್ತು. 142ರೊಳಗೆ ಇರಬೇಕಾದರೆ 7 ನಿಮಿಷ 20 ಸೆಕೆಂಡ್. ಕದ್ರಿ ಪಾರ್ಕಿನ ಹತ್ತಿರದ ಏರಿನಲ್ಲಿ ನಡೆಯಲೇಬೇಕು. ಅಲ್ಲಿ ವಾಕಿಂಗ್ ಬರುವ ಹಿರಿಯರೊಬ್ಬರು ಕೈಬೀಸಿಕೊಂಡು ನನ್ನನ್ನು ದಾಟಿಹೋದರು. ಹೋಗುವಾಗ ತಿರುಗಿ, "ಎಂತ ಮಾರಾಯ್ರೆ, ಕಾಲು ನೋವಾ?" ಅಂದರು. ಕಾಲು ನೋವಲ್ಲ, ಎದೆಗೆ ಕಟ್ಟಿದ ಪಟ್ಟಿ ಬಿಡುತ್ತಿಲ್ಲ ಅಂತ ಹೇಗೆ ಹೇಳುವುದು? ಹೌದು ಅಂದುಬಿಟ್ಟೆ.

ಇಲ್ಲಿ ಬಿಸಿಲಿಗಿಂತ ಗಾಳಿಯಲ್ಲಿರುವ ತೇವದ್ದೇ ಉಪದ್ರ. ಬೆವರು ಇಳಿದರೆ ಮೈ ತಣ್ಣಗಾಗುವುದಿಲ್ಲ, ಆರಿದರೆ ಮಾತ್ರ ಆಗುತ್ತದೆ. ನಮ್ಮಲ್ಲಿ ಅದು ಆರುವುದೇ ಇಲ್ಲ, ಮೊಣಕೈಯಿಂದ ತೊಟ್ಟಿಕ್ಕಿ ಶೂ ಒಳಗೆ ಸೇರುತ್ತದೆ. ಮೈ ತಣ್ಣಗಾಗಲಿ ಅಂತ ರಕ್ತ ಚರ್ಮದ ಕಡೆ ಹೋಗುತ್ತದೆ, ಬೆವರಿನಿಂದ ರಕ್ತದ ನೀರಂಶ ಕಮ್ಮಿಯಾಗುತ್ತದೆ, ಒಂದೊಂದು ಬಡಿತಕ್ಕೆ ಹೊರಬೀಳುವ ರಕ್ತ ಇಳಿಯುತ್ತದೆ. ಆಗ ಹೃದಯ ಬಡಿತದ ಸಂಖ್ಯೆ ಏರಿಸಿ ಸರಿದೂಗಿಸುತ್ತದೆ. ಓದಿ ಗೊತ್ತಿದ್ದ ಸಂಗತಿಯೇ. ಆದರೆ ನನ್ನದೇ ಗ್ರಾಫಿನಲ್ಲಿ ನೋಡಿದಾಗ ಬೇರೆ ಥರ. ಉರ್ವಾದಿಂದ ಕೊಟ್ಟಾರ ಚೌಕಿ, ಕೂಳೂರು ಸೇತುವೆ ದಾಟಿ ಪಣಂಬೂರು ಬೀಚಿಗೆ ಹೋಗಿ ಬಂದ ಒಂದು ಭಾನುವಾರ ವೇಗ ಒಂದೇ ಇತ್ತು, 7:15. ಮೂರನೇ ಕಿ.ಮೀ.ನಲ್ಲಿ 136, ಹತ್ತರಲ್ಲಿ 149, ಹದಿನೇಳರಲ್ಲಿ 158. ಗೆರೆ ಕದ್ರಿ ಗುಡ್ಡದ ಹಾಗೆ ಏರಿತ್ತು. ರಸ್ತೆ ಮಾತ್ರ ಪೂರ್ತಿ ಸಮತಟ್ಟು.

ಆ ದಿನ ಹೊರಡುವ ಮೊದಲೂ ಬಂದ ಮೇಲೂ ತೂಕ ನೋಡಿದ್ದೆ. 71.8 ಇದ್ದದ್ದು 69.6. ನಡುವೆ ಅರ್ಧ ಲೀಟರ್ ನೀರು ಕುಡಿದಿದ್ದೆ. ಅಂದರೆ ಹತ್ತಿರ ಹತ್ತಿರ 2.7 ಲೀಟರ್ ಬೆವರು. ಇದನ್ನು ಕೇಳಿದ ಮೇಲೆ ಅಮ್ಮ ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ ಎರಡು ಹೋಳು ಜಾಸ್ತಿ ಹಾಕಲು ಶುರು ಮಾಡಿದರು.

ಸ್ಟ್ರಾಪ್ ನಿಜಕ್ಕೂ ಕೆಲಸಕ್ಕೆ ಬಂದದ್ದು ಮೇ ಎರಡನೇ ವಾರ. ಪಣಂಬೂರಿನಿಂದ ವಾಪಸ್ ಬರುವಾಗ ಕೂಳೂರಿನ ಹತ್ತಿರ ಕೈಮೇಲೆ ರೋಮ ನಿಂತಿತು. ಅಂಥ ಸೆಕೆಯಲ್ಲಿ ಚಳಿ! ವೇಗ ಕಮ್ಮಿಯಾಗಿದೆ ಅಂತ ನಾನು ಸುಮ್ನೆ ಕಾಲು ಎಳೆಯುತ್ತಿದ್ದೆ. ವಾಚಿನಲ್ಲಿ ನೋಡಿದರೆ 171. ನಡೆಯುವ ವೇಗ, ಓಟದ ಎದೆಬಡಿತ. ಅಲ್ಲೇ ನಿಂತೆ. ಬೊಂಡ, ಅಂದರೆ ಎಳನೀರು, ಮಾರುವವರ ಸೈಕಲ್ ಪಕ್ಕ ಕಟ್ಟೆಯ ಮೇಲೆ ಕೂತೆ. ಅವರು ನನ್ನ ಮುಖ ನೋಡಿ, ಕೇಳದೆಯೇ ಎರಡು ಕೆತ್ತಿದರು. ಹತ್ತು ನಿಮಿಷ ಕೂತರೂ 118ರಿಂದ ಕೆಳಗೆ ಇಳಿಯಲಿಲ್ಲ. ಓಡಿಕೊಂಡು ಮನೆ ಮುಟ್ಟಿಬಿಡೋಣ ಅನ್ನುವ ಹಠ ಆ ಸಂಖ್ಯೆ ನೋಡಿ ಇಳಿಯಿತು. ರಿಕ್ಷಾ ಹಿಡಿದೆ. ಬೊಂಡದಲ್ಲಿ ಪೊಟ್ಯಾಸಿಯಂ ಜಾಸ್ತಿ, ಬೆವರಿನಲ್ಲಿ ಹೋಗುವ ಉಪ್ಪಿನ ಅಂಶ ಅದರಲ್ಲಿ ಕಮ್ಮಿ. ಆಮೇಲಿಂದ ಉದ್ದದ ಓಟಕ್ಕೆ ಓಆರ್‌ಎಸ್ ಕಲಸಿದ ನೀರನ್ನೇ ಒಯ್ಯುತ್ತೇನೆ, ಬೊಂಡ ಮನೆಗೆ ಬಂದ ಮೇಲೆ.

ಎರಡು ಮೂರು ವಾರ ಹೀಗೆ ತಾಳಿಕೊಂಡರೆ ಮೈ ಸೆಕೆಗೆ ಒಗ್ಗುತ್ತದೆ ಅಂತಾರೆ. ಸುಳ್ಳಲ್ಲ. ಮೇ ಕೊನೆಗೆ ಅದೇ 142ಕ್ಕೆ 6:52 ಬಂತು. ಹವೆ ಒಂದಿಷ್ಟೂ ಬದಲಾಗಿರಲಿಲ್ಲ.

ಈಗ ದೂರಿನ ಭಾಗ.

ಒಂದು, ಚರ್ಮ. ಒಂದೂವರೆ ಗಂಟೆ ದಾಟಿದ ಓಟವಾದರೆ ಎದೆಯ ಕೆಳಗೆ ಎರಡು ಕಡೆ ಬರೆ ಎಳೆದಂತೆ ಗೆರೆ. ಸ್ನಾನಕ್ಕೆ ಮೊದಲ ಚೊಂಬು ನೀರು ಬಿದ್ದಾಗ ಬಚ್ಚಲಿನಿಂದ ಬರುವ ಸದ್ದು ಪಕ್ಕದ ಮನೆಗೂ ಪರಿಚಯ. ಕರಾವಳಿಯವರ ಬುದ್ಧಿ ಎಲ್ಲಿಗೆ ಹೋಗುತ್ತದೆ, ತೆಂಗಿನೆಣ್ಣೆಗೆ ಅಲ್ವಾ? ಹಚ್ಚಿದೆ. ಉರಿ ನಿಂತಿತು, ಸಿಗ್ನಲ್ಲೂ ನಿಂತಿತು. ಎಣ್ಣೆ ರಬ್ಬರ್ ಪಟ್ಟಿಗೆ ಹತ್ತಿದರೆ ಚರ್ಮಕ್ಕೂ ಅದಕ್ಕೂ ನಡುವೆ ಪರದೆ ಬಿದ್ದ ಹಾಗೆ. ಈಗ ಎಲಾಸ್ಟಿಕ್ ಅಂಚು ತಾಗುವ ಜಾಗಕ್ಕೆ ಮಾತ್ರ ಬೆರಳತುದಿಯಲ್ಲಿ ವ್ಯಾಸಲೀನ್.

ಎರಡು, ಸೆಲ್. ಒಂದು ಸೆಲ್ ವರ್ಷದ ಹತ್ತಿರ ಬರುತ್ತದೆ ಅಂದಿದ್ದರು. ನನ್ನದು ಐದು ವಾರಕ್ಕೆ ಸತ್ತಿತು, ಹೊಸದು ಹಾಕಿದರೆ ಅದೂ ತಿಂಗಳಿಗೆ. ಹಂಪನಕಟ್ಟೆಯಲ್ಲಿ ವಾಚು ರಿಪೇರಿಯವರ ಹತ್ತಿರ ಹೋದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಡಬ್ಬಿಯನ್ನು ತಿರುಗಿಸಿ ನೋಡಿದರು. "ಓಡಿ ಬಂದ ಮೇಲೆ ಇದನ್ನು ಬೆಲ್ಟಿನಿಂದ ಬಿಚ್ಚಿಡ್ತೀರಾ?" ಅಂತ ಕೇಳಿದರು. ಇಲ್ಲ, ಹಾಗೇ ಮೊಳೆಗೆ ನೇತುಹಾಕುತ್ತೇನೆ ಅಂದೆ. "ಮತ್ತೆ? ಬೆಲ್ಟು ಹಸಿ ಉಂಟಲ್ಲ. ಅದು ನೀವಿನ್ನೂ ಓಡ್ತಾ ಇದ್ದೀರಿ ಅಂತ ತಿಳ್ಕೊಂಡಿದೆ." ಅಷ್ಟೇ ಸಂಗತಿ. ಎರಡು ಬಟನ್ ನಡುವೆ ಒದ್ದೆ ಇದ್ದರೆ ಡಬ್ಬಿ ಎಚ್ಚರವಾಗಿಯೇ ಇರುತ್ತದೆ. ಒಣ ಊರಿನಲ್ಲಿ ಪಟ್ಟಿ ಬೇಗ ಆರಿ ಅದು ಮಲಗುತ್ತದೆ. ಮಂಗಳೂರಿನಲ್ಲಿ ಇಡೀ ದಿನ ಕಾವಲು. ಬಟನ್ ಮೇಲೆ ಹಿಡಿದಿದ್ದ ಹಸಿರು ಕಿಲುಬನ್ನು ಅವರು ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಉಜ್ಜಿ ತೆಗೆದು, ಸೆಲ್ಲಿನ ದುಡ್ಡು ಮಾತ್ರ ತೆಗೆದುಕೊಂಡರು. ಬಿಚ್ಚಿಡಲು ಶುರು ಮಾಡಿದ ಮೇಲೆ ಅದೇ ಸೆಲ್ ಇವತ್ತಿನವರೆಗೂ ಇದೆ. ಸೂಚನೆಯ ಕಾಗದದಲ್ಲಿ ಇದೂ ಇತ್ತು, ಒಂಬತ್ತನೇ ಸಾಲಿನಲ್ಲಿ. ಅಲ್ಲಿವರೆಗೆ ಯಾರು ಓದುತ್ತಾರೆ?

ಮೂರು, ಮಳೆಗಾಲ. ಜೂನ್ ಬಂತು, ಮೀನುಗಾರರ ದೋಣಿ ದಡ ಸೇರಿದವು, ಓಡುವವರೂ ಅರ್ಧಕ್ಕರ್ಧ ಕಮ್ಮಿಯಾದರು. ನನಗೆ ಮಳೆಯೇ ಖುಷಿ. ಉಷ್ಣಾಂಶ 24ಕ್ಕೆ ಇಳಿದು, ಮೈಮೇಲೆ ನೀರು ಬೀಳುತ್ತಿದ್ದರೆ ಎದೆಬಡಿತ ಹೇಳಿದ ಮಾತು ಕೇಳುತ್ತದೆ. ಆದರೆ ಪಟ್ಟಿ ಒಣಗುವುದಿಲ್ಲ. ಮೂರು ದಿನಕ್ಕೆ ಬೂಸ್ಟು, ಐದು ದಿನಕ್ಕೆ ವಾಸನೆ. ಫ್ರಿಜ್ಜಿನ ಹಿಂದೆ ಬಿಸಿ ಗಾಳಿ ಬರುವಲ್ಲಿ ನೇತುಹಾಕಿದೆ. ತುಳುವರ ಆಟಿ ತಿಂಗಳು, ಅಂದರೆ ಜುಲೈ-ಆಗಸ್ಟ್, ಅಡುಗೆಮನೆಯಲ್ಲಿ ಒಣಮೀನಿನ ಡಬ್ಬ ತೆರೆಯುವ ಕಾಲ. ಹೆಂಡತಿ ಕತ್ತಲಲ್ಲಿ ಫ್ರಿಜ್ಜಿನ ಹಿಂದೆ ಕೈಹಾಕಿ, "ಈ ಪಾಂಬೊಳ್ ಮೀನು ಇಲ್ಲಿ ಯಾರು ಇಟ್ಟದ್ದು?" ಅಂದಳು. ಪಾಂಬೊಳ್ ಅಂದರೆ ರಿಬ್ಬನ್ನಿನ ಹಾಗೆ ಉದ್ದ, ಚಪ್ಪಟೆ ಮೀನು. ವಾಸನೆಯಲ್ಲೂ ಆಕಾರದಲ್ಲೂ ಅವಳದ್ದು ತಪ್ಪಲ್ಲ. ಈಗ ಓಡಿ ಬಂದ ತಕ್ಷಣ ಡಬ್ಬಿ ಬಿಚ್ಚಿ ಪಟ್ಟಿಯನ್ನು ನಲ್ಲಿ ಕೆಳಗೆ ತೊಳೆಯುತ್ತೇನೆ, ವಾರಕ್ಕೊಮ್ಮೆ ಸ್ವಲ್ಪ ಸೋಪಿನ ನೀರು. ಹಿಂಡಬಾರದು, ಟವೆಲಿನಲ್ಲಿ ಸುತ್ತಿ ಒತ್ತಬೇಕು.

ಇಷ್ಟಾದರೂ ಆಗಸ್ಟ್‌ನಲ್ಲಿ ಎಡಗಡೆಯ ಬಟನ್ ಬುಡದಲ್ಲಿ ಒಡೆದು, ಸಂಖ್ಯೆ ಕುಣಿಯಲು ಶುರುವಾಯಿತು. 140, 92, 210. ಕಂಪನಿಗೆ ಬರೆದೆ. ಒಂದು ವರ್ಷದ ವಾರಂಟಿ ಡಬ್ಬಿಗೆ ಮಾತ್ರ, ಪಟ್ಟಿಗೆ ಇಲ್ಲ, ಅದೂ ಬೆವರಿನಿಂದ ಆದ ಹಾನಿಗೆ ಇಲ್ಲವೇ ಇಲ್ಲ ಅಂತ ಉತ್ತರ ಬಂತು. ಎದೆಗೆ ಕಟ್ಟಿ ಓಡುವ ವಸ್ತು, ಬೆವರು ತಾಗಬಾರದಂತೆ. ಛತ್ರಿ ಮಾರಿ ಮಳೆಗೆ ಹಿಡಿಯಬೇಡಿ ಅಂದ ಹಾಗಾಯ್ತು. ಜಗಳ ಇದೇ, ಇನ್ನೂ ಮೇಲ್ ಆಡಿಸುತ್ತಿದ್ದೇನೆ. ಅಷ್ಟರಲ್ಲಿ 1,300 ರೂಪಾಯಿಗೆ ಬೇರೆ ಪಟ್ಟಿ ತರಿಸಿದೆ. ಬಟನ್‌ಗಳ ಅಂತರ ಒಂದೇ ಇದ್ದರೆ ಬೇರೆ ಕಂಪನಿಯದ್ದೂ ಕೂರುತ್ತದೆ, ಅಳತೆ ನೋಡಿ ತೆಗೆದುಕೊಳ್ಳಿ.

ಕರಾವಳಿಯಲ್ಲಿ ಇರುವವರು ತೆಗೆದುಕೊಳ್ಳುವುದಾದರೆ ಸ್ಟ್ರಾಪಿನ ಬೆಲೆಗೆ ವರ್ಷಕ್ಕೊಂದು ಪಟ್ಟಿಯ ದುಡ್ಡನ್ನೂ ಸೇರಿಸಿ ಲೆಕ್ಕ ಹಾಕಿ. ವಾರಕ್ಕೆ ಮೂರು ದಿನ ಐದೈದು ಕಿ.ಮೀ. ಓಡುವವರಿಗೆ ಇದು ಬೇಡವೇ ಬೇಡ, ಮಾತಾಡಿಕೊಂಡು ಓಡಲು ಆಗುತ್ತದಾ ಅಂತ ನೋಡಿದರೆ ಸಾಕು. ಬೇಸಗೆಯಲ್ಲಿ ಉದ್ದ ಓಡುವವರಿಗೆ, ಅದರಲ್ಲೂ ನನ್ನ ಹಾಗೆ ಹಠ ಇರುವವರಿಗೆ, ಬೇಕು. ವಸ್ತುವಿಗೆ 5ರಲ್ಲಿ 4 ಕೊಡುತ್ತೇನೆ, ಕಂಪನಿಯ ಸೇವೆಗೆ 1.

ಅಕ್ಟೋಬರ್‌ನ ಓಟ ಹೇಗಾಯ್ತು ಅಂತ ಕೇಳುವವರಿಗೆ: ಬೆಳಿಗ್ಗೆ ಬೆಂಗಳೂರಿನಲ್ಲಿ ತಣ್ಣಗೆ ಗಾಳಿ, ಮೈಯಲ್ಲಿ ಒಂದು ಹನಿ ಬೆವರಿಲ್ಲ. ಸ್ಟಾರ್ಟ್ ಲೈನಿನಲ್ಲಿ ನಿಂತು ವಾಚು ನೋಡಿದರೆ ಎದೆಬಡಿತದ ಜಾಗದಲ್ಲಿ ಎರಡು ಗೀಟು. ಓಡಲು ಶುರು ಮಾಡಿದ ಮೇಲೆ ಒಣ ಬಟ್ಟೆ ತಿಕ್ಕಿ ತಿಕ್ಕಿ 203 ತೋರಿಸಿತು. ಮಂಗಳೂರಿನಲ್ಲಿ ಏಳು ತಿಂಗಳು ಕಟ್ಟಿಕೊಳ್ಳುವ ಮುಂಚೆ ಒಮ್ಮೆಯೂ ಪಟ್ಟಿ ಒದ್ದೆ ಮಾಡಿದವನಲ್ಲ ನಾನು. ಮೊದಲ ನೀರಿನ ಮೇಜಿನ ಹತ್ತಿರ ನಿಂತು, ಒಂದು ಲೋಟ ನೀರನ್ನು ಬನಿಯನ್ ಒಳಗೆ ಸುರಿದುಕೊಂಡೆ. ಲೋಟ ಕೊಟ್ಟ ಹುಡುಗಿ "ಅಂಕಲ್, ಅದು ಕುಡಿಯಕ್ಕೆ" ಅಂದಳು. ನೂರು ಮೀಟರ್ ಹೋಗುವಷ್ಟರಲ್ಲಿ 147 ಬಂತು. ವೇಗ ನೋಡಿದೆ, ಕಿ.ಮೀ.ಗೆ 5 ನಿಮಿಷ 58 ಸೆಕೆಂಡ್. ವಾಚು ಕೆಟ್ಟಿದೆಯಾ ಅಂತ ಮತ್ತೊಮ್ಮೆ ನೋಡಿದೆ. ಕೆಟ್ಟಿರಲಿಲ್ಲ. 4 ಗಂಟೆ 13 ನಿಮಿಷಕ್ಕೆ ಮುಗಿಸಿದೆ.