ಜಂತಿನ ಔಷಧ: ಎಲ್ಲಾ ದನಕ್ಕೋ, ಬೇಕಾದವಕ್ಕೋ?

ಬೀದರ್ ಕಡೆ ದೇವಣಿ ತಳಿಯ ದನ ಕಟ್ಟಿದವರ ಪ್ರಶ್ನೆ: ಮಳೆಗಾಲಕ್ಕೆ ಕೊಟ್ಟಿಗೆಗೆಲ್ಲ ಔಷಧ ಕುಡಿಸಬೇಕೋ, ಸಗಣಿ ಪರೀಕ್ಷೆ (ಹುಳುವಿನ ಮೊಟ್ಟೆಗಳ ಎಣಿಕೆ) ಮಾಡಿಸಿ ಬೇಕಾದವಕ್ಕಷ್ಟೇ ಸಾಕೋ?

ಕರುಗಳಿಗಾದರೆ ಎಲ್ಲಕ್ಕೂ ಕುಡಿಸಿ. ಒಂದೆರಡು ಮಳೆಗಾಲ ಮೇಯ್ದ ಮೇಲೇ ದುಂಡುಹುಳುವಿನ ವಿರುದ್ಧ ನಿರೋಧಶಕ್ತಿ ಬಲಿಯುವುದು: ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಏರುತ್ತವೆ, ಕರುಳಲ್ಲಿ ಲೋಳೆ ಹೆಚ್ಚುತ್ತದೆ, ಹುಳು ಮೊಟ್ಟೆ ಇಡುವುದು ಕುಗ್ಗುತ್ತದೆ. ಹಾಗಾಗಿ ಮೈತುಂಬಿದ ದೊಡ್ಡ ದನಕ್ಕೆ ಪರೀಕ್ಷೆಯೇ ಲೇಸು. ಔಷಧದ ಖರ್ಚು ಉಳಿಯುತ್ತದೆ, ಹುಳು ಔಷಧಕ್ಕೆ ಒಗ್ಗುವುದೂ ತಡವಾಗುತ್ತದೆ. ಆಗತಾನೇ ಹಾಕಿದ ಸಗಣಿಯನ್ನೇ ಒಯ್ಯಿರಿ. ಹಳೆಯದಾದರೆ ಮೊಟ್ಟೆ ಒಡೆದು ಲೆಕ್ಕ ತಪ್ಪುತ್ತದೆ.

ಕಾರಂಜಾ ಹಿನ್ನೀರಿನಂಥ ಜವುಳಿನಲ್ಲಿ ಮೇಯುವ ದನದ ಮಾತೇ ಬೇರೆ. ಅಲ್ಲಿ ತಗಲುವ ಪಿತ್ತಜನಕಾಂಗದ (ಲಿವರ್) ಚಪ್ಪಟೆ ಹುಳು ನಿರೋಧಶಕ್ತಿಯನ್ನೇ ಮಂಕುಮಾಡಿ ವರ್ಷಗಟ್ಟಲೆ ಉಳಿಯುತ್ತದೆ, ಹಳೇ ದನಕ್ಕೂ ರಕ್ಷಣೆ ಕಡಿಮೆ. ಅದಕ್ಕೆ ದುಂಡುಹುಳುವಿಗೆ ಕೊಡುವ ಐವರ್‌ಮೆಕ್ಟಿನ್ ನಾಟದು. ಆಕ್ಸಿಕ್ಲೋಜನೈಡ್ ಥರದ ಔಷಧ ಬೇಕು, ಆಕ್ಸಿಕ್ಲೋಜನೈಡ್ ನಾಟುವುದೂ ಬೆಳೆದ ಹುಳುವಿಗಷ್ಟೇ.